ಡ್ರೈವರಮ್ಮ ಸಮುದ್ರಕ್ಕೆ ರೂಟು ಹಾಕಿದ್ದು

ಎರಡೂ ಬದಿಗೆ ಕಾರು ನಿಲ್ಲಿಸಿದ ಸಂದಿಯಲ್ಲಿ ಅಷ್ಟುದ್ದದ ಸಿಟಿ ಬಸ್ಸನ್ನು ಎಲ್ಲೂ ಗೀರು ಬೀಳದಂತೆ ಹಿಂದಕ್ಕೆ ತೆಗೆಯುವ ಹೆಂಗಸು ಯಾವುದಕ್ಕೆ ತಾನೇ ಹೆದರಿಯಾಳು? ಡಿಪೋಗೆ ಹೊಸಬರು ಬಂದರೆ ಮೊದಲು ಡ್ರೈವರಮ್ಮನ ಬಸ್ಸು ಹತ್ತಿಸಿ ಕೆಲಸ ನೋಡಿಸುತ್ತಾರೆ. ಆಕೆ ಹಾರ್ನ್ ಒತ್ತುವುದೂ ಅಪರೂಪ. ಅಡ್ಡ ಬಂದವರನ್ನು ಒಮ್ಮೆ ದಿಟ್ಟಿಸಿದರೆ ಸಾಕು, ಅವರೇ ಪಕ್ಕಕ್ಕೆ ಸರಿಯುತ್ತಾರೆ.

ಆಕೆಯ ರೂಟಿನ ಕೊನೆಯ ಸ್ಟಾಪು ಬಂದರು. ಅಲ್ಲಿ ಚಹಾ ಕುಡಿಯುತ್ತ ಹಾಯಿದೋಣಿಗಳನ್ನು ನೋಡಿ ನೋಡಿ, ಒಂದು ದಿನ ದೋಣಿ ಕಲಿಸುವವರ ಬಾಗಿಲು ತಟ್ಟಿದಳು. ಎರಡು ವರ್ಷದ ವಾರದ ರಜೆಗಳೆಲ್ಲ ಅಲ್ಲೇ ಕಳೆದವು. ಹಗ್ಗ ಎಳೆದು ಅಂಗೈ ಸುಲಿಯಿತು, ಮುಖ ಕಪ್ಪಿಟ್ಟಿತು, ಕೊನೆಗೆ ತಾನೊಬ್ಬಳೇ ದೋಣಿ ನಡೆಸಬಹುದು ಎಂಬ ಪರವಾನಗಿ ಕೈಗೆ ಬಂತು. ಅದನ್ನು ಚೌಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದು ಅತ್ತೆ.

ಪರವಾನಗಿ ಬಂದ ಮೇಲೆ ಮನೆಯವರನ್ನು ಕರೆದುಕೊಂಡು ಹೋಗದೆ ಇರುವುದುಂಟೇ? ಒಂದು ವಾರಕ್ಕೆ ದೋಣಿ ಬಾಡಿಗೆಗೆ ಹಿಡಿಯುವುದು, ಎದುರಿನ ದ್ವೀಪಗಳನ್ನೆಲ್ಲ ಸುತ್ತುವುದು, ರಾತ್ರಿ ದೋಣಿಯಲ್ಲೇ ಮಲಗುವುದು ಎಂದು ನಿಶ್ಚಯವಾಯಿತು. ನಿಶ್ಚಯ ಮಾಡಿದವಳು ಡ್ರೈವರಮ್ಮ, ಉಳಿದವರು ಕೇಳಿಸಿಕೊಂಡವರು. ಹೋಗುವವರು ನಾಲ್ಕು ಜನ: ಆಕೆ, ಕನ್ನಡಕದ ಅಂಗಡಿ ಇಟ್ಟಿರುವ ಗಂಡ, ನರ್ಸಿಂಗ್ ಓದುವ ಮಗಳು ಮತ್ತು ಅತ್ತೆ.

ಒಂದು ಸಂಜೆ ಊಟದ ಮೇಜಿನ ಮೇಲೆ ನಕಾಶೆ ಹರಡಿ, ಅದರ ಪಕ್ಕ ತಾನು ಬರೆದ ಹಾಳೆಯನ್ನು ಇಟ್ಟಳು. ಮಗಳು ಓದಿದವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ಆರು ದ್ವೀಪ. ಪ್ರತಿ ದ್ವೀಪಕ್ಕೂ ಬರುವ ಹೊತ್ತು, ನಿಲ್ಲುವ ಹೊತ್ತು, ಹೊರಡುವ ಹೊತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, ‘ತಡವಾಗಿ ಬಂದವರಿಗೆ ಕಾಯುವುದಿಲ್ಲ.’

“ಅಮ್ಮಾ, ಇದು ರಜಾನೋ, ಡಿಪೋ ಟ್ರಿಪ್ ಶೀಟೋ? ಈಜೋಕೆ ಟೈಮೆಲ್ಲಿದೆ ಇದರಲ್ಲಿ?”

“ಇದೆಯಲ್ಲ, ಮೂರನೇ ದ್ವೀಪದಲ್ಲಿ. ಲಂಗರು ಹಾಕಿ, ಮತ್ತೆ ಎತ್ತೋದರ ಮಧ್ಯೆ.”

“ಗಾಳಿ ಬರದೆ ಹೋದ್ರೆ?”

“ಎಂಜಿನ್ ಇದೆ. ಗಾಳಿ ನಂಬ್ಕೊಂಡು ಯಾರಾದ್ರೂ ರೂಟ್ ಹಾಕ್ತಾರಾ?”

ಅತ್ತೆ ಆಗಲೇ ಅಗಲ ಅಂಚಿನ ಟೋಪಿ ಕೊಂಡು ತಂದು, ಒಲೆಯ ಮುಂದೆ ನಿಂತಾಗಲೂ ಹಾಕಿಕೊಂಡೇ ಇರುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಮಗ ರೇಗಿಸಿದರೆ ಅವರಿಗೇನು? “ನನ್ನ ಸೊಸೆ ಆ ಇಲಿ ಬಿಲದಂಥ ಬೀದೀಲಿ ಬಸ್ ತಿರುಗಿಸ್ತಾಳೆ. ಸಮುದ್ರ ಇಷ್ಟು ಅಗಲ ಇದೆ, ಅಲ್ಲಿ ಆಗಲ್ವಾ?” ಎಂದು ಪಕ್ಕದ ಮನೆಯವರ ಹತ್ತಿರ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು.

ಆ ಸಂಜೆ ಹಾಳೆಯ ಬಗ್ಗೆ ಹೆಚ್ಚು ಮಾತಾಡದವರು ಯಜಮಾನರು ಒಬ್ಬರೇ. ಹಾಳೆಯನ್ನು ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ ಓದಿದರು. “ಚೆನ್ನಾಗಿದೆ” ಎಂದರು. ಮಡಿಸಿ ಇಟ್ಟರು.

ಮಾರನೆಯ ದಿನ ಬೆಳಿಗ್ಗೆ ದೋಣಿಯ ಮಾಲೀಕನ ಫೋನು ಬಂತು. ಡ್ರೈವರಮ್ಮನಿಗೆ ವಾರದ ರಜೆ, ಬಟ್ಟೆ ಒಣಗಹಾಕುತ್ತಿದ್ದಳು.

“ಮೇಡಂ, ಕ್ಯಾಪ್ಟನ್‌ಗೆ ಮುಂದಿನ ರೂಮು ಕೊಡೋದಾ, ಹಿಂದಿನದಾ?”

“ಯಾವ ಕ್ಯಾಪ್ಟನ್? ಕ್ಯಾಪ್ಟನ್ ನಾನೇ.”

“ಅಲ್ಲ ಮೇಡಂ... ನಿಮ್ಮನೆಯವರು ಹೋದ ವಾರಾನೇ ಫೋನ್ ಮಾಡಿ, ನಮ್ಮ ಕಡೆಯಿಂದ ಒಬ್ಬ ಕ್ಯಾಪ್ಟನ್ ಇರಲಿ ಅಂದಿದ್ರು.”

ಆಕೆಯ ಕೈಯಲ್ಲಿದ್ದ ಒದ್ದೆ ಅಂಗಿ ಹಾಗೆಯೇ ಬಕೆಟ್ಟಿಗೆ ಬಿತ್ತು. ಸಾವಿರಾರು ಜನ ಕಣ್ಣುಮುಚ್ಚಿ ಆಕೆಯ ಬಸ್ಸು ಹತ್ತುತ್ತಾರೆ, ಕೂತಲ್ಲೇ ತೂಕಡಿಸುತ್ತಾರೆ. ಕಟ್ಟಿಕೊಂಡ ಗಂಡನಿಗೆ ಮಾತ್ರ ನಂಬಿಕೆ ಇಲ್ಲ! ಮಗಳು ಸಂದೇಹಪಟ್ಟಿದ್ದರೆ ನಕ್ಕುಬಿಡುತ್ತಿದ್ದಳು, ಅತ್ತೆ ಹೆದರಿದ್ದರೆ ಧೈರ್ಯ ಹೇಳುತ್ತಿದ್ದಳು. ಈ ಮನುಷ್ಯ ಬೆನ್ನ ಹಿಂದೆ ಈ ಕೆಲಸ ಮಾಡಿಟ್ಟು, ಎದುರಿಗೆ ‘ಚೆನ್ನಾಗಿದೆ’ ಎಂದು ಬೆಣ್ಣೆ ಸವರಿದರಲ್ಲ! ಹಾಳೆಯನ್ನು ಕೈಚೀಲಕ್ಕೆ ತುರುಕಿ, ಚಪ್ಪಲಿ ಮೆಟ್ಟಿ, ನೇರ ಅಂಗಡಿಗೆ ನಡೆದಳು.

ಯಜಮಾನರು ಕಣ್ಣಿನ ಪರೀಕ್ಷೆಯಲ್ಲಿದ್ದರು. ಎತ್ತರದ ಕುರ್ಚಿಯಲ್ಲಿ ಒಬ್ಬ ಮುದುಕರು ಒಂದು ಕಣ್ಣಿಗೆ ಕಪ್ಪು ಮುಚ್ಚಳ, ಇನ್ನೊಂದಕ್ಕೆ ಗಾಜು ಹಾಕಿಸಿಕೊಂಡು ಗೋಡೆಯ ಅಕ್ಷರಗಳ ಜೊತೆ ಗುದ್ದಾಡುತ್ತಿದ್ದರು.

“ಯಾರ್ರೀ ಆ ಕ್ಯಾಪ್ಟನ್ನು?”

ಯಜಮಾನರ ಕೈ ಪರೀಕ್ಷೆಯ ಗಾಜುಗಳ ಪೆಟ್ಟಿಗೆಯ ಮೇಲೆ ನಿಂತಿತು. “ಈಗ ಚೆನ್ನಾಗಿ ಕಾಣತ್ತಾ, ಆಗ ಚೆನ್ನಾಗಿತ್ತಾ?” ಎಂದು ಮುದುಕರನ್ನು ಕೇಳಿದರು.

“ನಾನು ಹೊರಗೆ ಕೂತಿರ್ತೀನಿ ಬಿಡಿ” ಎಂದು ಮುದುಕರು ಏಳಹೊರಟರು.

“ಕೂತ್ಕೊಳ್ಳಿ!” ಎಂದರು ಗಂಡ ಹೆಂಡತಿ ಇಬ್ಬರೂ.

“ನಾನು ಮುಳುಗಿಸ್ತೀನಿ ಅನ್ಕೊಂಡ್ರಾ? ಹೇಳಿ, ಅವರೂ ಕೇಳಲಿ. ಎರಡು ವರ್ಷ ನಾನು ಅಲ್ಲೇನು ಕಡಲೆಕಾಯಿ ತಿಂತಾ ಇದ್ನಾ?”

“ಮುಳುಗಿಸ್ತೀಯ ಅಂತ ನಾನು ಯಾವತ್ತೂ ಅನ್ಕೊಂಡಿಲ್ಲ ಕಣೇ.”

“ಮತ್ತೆ?”

ಯಜಮಾನರು ಕೈಯಲ್ಲಿದ್ದ ಗಾಜನ್ನು ಒರೆಸಿದರು, ಇನ್ನೊಮ್ಮೆ ಒರೆಸಿದರು. ಅಂಗಡಿಯ ನಾಲ್ಕು ಗೋಡೆಯಲ್ಲೂ ಕನ್ನಡಿ ಇರುವುದರಿಂದ ಎತ್ತ ತಿರುಗಿದರೂ ಹೆಂಡತಿಯ ಮುಖ ತಪ್ಪುವಂತಿರಲಿಲ್ಲ.

“ಮದುವೆಯಾದ ಹೊಸದರಲ್ಲಿ, ಅಂಗಡಿ ಮುಚ್ಚಿ ನಿನ್ನ ಬಸ್ಸಿಗೇ ಬರ್ತಿದ್ದೆ, ನೆನಪಿದೆಯಾ? ನಿನ್ನ ಹಿಂದಿನ ಸೀಟೇ ಬೇಕು ನನಗೆ. ಮೇಲೆ ಬೋರ್ಡು, ‘ಚಾಲಕರೊಂದಿಗೆ ಮಾತನಾಡಬೇಡಿ’ ಅಂತ. ನಾನೂ ಮಾತಾಡ್ತಿರಲಿಲ್ಲ. ಆಮೇಲೆ ಕಾರು ತಗೊಂಡ್ವಿ. ಮದುವೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ನೀನೇ ಓಡಿಸ್ತೀಯ. ಮುಂದಿನ ಸೀಟಲ್ಲಿ ಅಮ್ಮ. ನಾನು ಹಿಂದೆ ಕೂತು ನಿನ್ನ ಜಡೆ ನೋಡ್ಕೊಂಡೇ ಮುದುಕ ಆದೆ. ಒಂದು ವಾರ ಬೇರೆ ಯಾರಾದ್ರೂ ಓಡಿಸಿದ್ರೆ, ನೀನು ನನ್ನ ಪಕ್ಕ ಕೂತಿರ್ತೀಯಲ್ಲ ಅಂತ ಆಸೆ. ಅಷ್ಟೇ.”

ಮುದುಕರು ಮುಚ್ಚಳವಿಲ್ಲದ ಕಣ್ಣನ್ನು ಒರೆಸಿಕೊಂಡರು. ಗಾಜು ಅಡ್ಡ ಇದ್ದುದರಿಂದ ಅದೂ ಸರಿಯಾಗಿ ಆಗಲಿಲ್ಲ.

ಡ್ರೈವರಮ್ಮ ಜಗಳಕ್ಕೆಂದು ಬಂದಿದ್ದಳು. ಗಂಡ ಬೈದಿದ್ದರೆ ಎದುರು ಬೈಯಬಹುದಿತ್ತು. ಆಕೆ ಎಲ್ಲರನ್ನೂ ಎಲ್ಲೆಲ್ಲಿಗೋ ಕರೆದೊಯ್ದಿದ್ದಳು, ಹೊತ್ತಿಗೆ ಸರಿಯಾಗಿ ಇಳಿಸಿದ್ದಳು. ಹಿಂದೆ ಕೂತವರಿಗೆ ಇನ್ನೇನು ಬೇಕಿತ್ತೆಂದು ಕೇಳುವುದು ಒಂದು ದಿನವೂ ಹೊಳೆದಿರಲಿಲ್ಲ. ಅದಕ್ಕೆ ನೋವಾಯಿತು, ಚೆನ್ನಾಗಿಯೇ ನೋವಾಯಿತು.

ಆದರೂ ಡ್ರೈವರಮ್ಮ ಡ್ರೈವರಮ್ಮನೇ. ಅಲ್ಲೇ ನಿಂತು ಮಾಲೀಕನಿಗೆ ಫೋನು ಹಚ್ಚಿ, “ಕ್ಯಾಪ್ಟನ್ ಬೇಡ” ಎಂದಳು. ಯಜಮಾನರ ಮುಖ ಸಪ್ಪಗಾಯಿತು.

“ಸಪ್ಪೆ ಮುಖ ಮಾಡ್ಬೇಡಿ. ಚುಕ್ಕಾಣಿ ನಾನು ಯಾರಿಗೂ ಕೊಡಲ್ಲ. ಅಷ್ಟು ಕಷ್ಟಪಟ್ಟು ಕಲಿತು, ಪಕ್ಕದಲ್ಲಿ ಕೂತು ಇನ್ನೊಬ್ಬರು ಓಡಿಸೋದು ನೋಡಿದ್ರೆ ನನಗೆ ಜ್ವರ ಬರತ್ತೆ. ಆದ್ರೆ ಅಲ್ಲಿ ಬೋರ್ಡೂ ಇಲ್ಲ, ಹಿಂದಿನ ಸೀಟೂ ಇಲ್ಲ. ಚುಕ್ಕಾಣಿ ಹತ್ರ ಉದ್ದ ಬೆಂಚಿದೆ. ಅಲ್ಲಿಗೆ ಬನ್ನಿ.”

“ಅಮ್ಮ ಬಿಡ್ತಾರಾ?”

“ಅವರಿಗೆ ಟೋಪಿ ಇದೆಯಲ್ಲ. ದೋಣಿ ಮೂತೀಲಿ ಬಿಸಿಲಿಗೆ ಕೂರಿಸೋಣ, ರಾಣಿ ಹಂಗೆ.”

ಕೈಚೀಲದಿಂದ ಹಾಳೆ ತೆಗೆದು ಮೇಜಿನ ಮೇಲೆ ಹರಡಿದಳು. ಮುದುಕರ ಜೇಬಿನ ಪೆನ್ನನ್ನು ಕೇಳಿ ತೆಗೆದುಕೊಂಡು ಕೊನೆಯ ದ್ವೀಪ ಬೇಡವೆಂದು ಅದಕ್ಕೆ ಅಡ್ಡ ಗೀಟು ಎಳೆದಳು. ಸ್ವಲ್ಪ ಯೋಚಿಸಿ ಅದರ ಹಿಂದಿನದಕ್ಕೂ ಎಳೆದಳು.

“ಮಧ್ಯಾಹ್ನದೊಳಗೆ ಲಂಗರು ಹಾಕಿಬಿಡ್ತೀನಿ. ಆಮೇಲೆ ನಾನು ಡ್ರೈವರ್ ಅಲ್ಲ.” ಅಷ್ಟು ಹೇಳಿದ ಮೇಲೆ ಆಕೆಗೇ ದಿಗಿಲಾಯಿತು. “ಆಮೇಲೆ ಏನ್ಮಾಡೋದು?”

“ಕೂತ್ಕೊಳ್ಳೋದು.”

“ಸುಮ್ನೆನಾ? ಕತ್ತಲಾಗೋವರೆಗೂ? ಅಷ್ಟು ಹೊತ್ತು ಏನ್ರೀ ಮಾತಾಡ್ತೀರಿ?”

“ಇಪ್ಪತ್ತು ವರ್ಷದ್ದು ಇದೆ ಕಣೇ.”

ಡ್ರೈವರಮ್ಮ ಗಂಡನ ಮುಖವನ್ನು ನೋಡಿದಳು. ಆಮೇಲೆ ಹಾಳೆಯ ಕಡೆ ಬಗ್ಗಿ ಇನ್ನೊಂದು ದ್ವೀಪಕ್ಕೂ ಗೀಟು ಎಳೆದಳು.