ಸೆಲ್ವಿಯ ಪಾಟಿಯ ದನಿ

ಸೆಲ್ವಿ, ನಿನ್ನ ಅಜ್ಜಿಯ ರೆಕಾರ್ಡಿಂಗ್ ಕೆಟ್ಟುಹೋಗಿರಲಿಲ್ಲ. ಅದನ್ನು ಅಳಿಸಿದವಳು ನಾನು.

ಭದ್ರಾವತಿಯಲ್ಲಿ ನೀನು ಒಂಬತ್ತನೇ ತರಗತಿಯಲ್ಲಿದ್ದಾಗ ನಾನು ನಿಮಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಪಾಠ ಓದಿಸಿ ಓದಿಸಿ ಸಾಕಾಗಿತ್ತು — ನಿಮಗೂ, ನನಗೂ. ಅದಕ್ಕೇ 'ನಮ್ಮ ಬೀದಿಯ ಚರಿತ್ರೆ' ಎಂಬ ಪ್ರಾಜೆಕ್ಟ್ ಕೊಟ್ಟೆ. ಉಳಿದವರು ರಟ್ಟಿನಲ್ಲಿ ಕಾರ್ಖಾನೆ ಕಟ್ಟಿ ತಂದರು. ನೀನು ನನ್ನ ಕೈ ಹಿಡಿದು, ಕಾರ್ಖಾನೆ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿದ್ದ ನಿಮ್ಮ ಮನೆಗೇ ಎಳೆದೊಯ್ದೆ. ನಿನ್ನ ಅಜ್ಜಿ — ಪಾಟಿ ಎನ್ನುತ್ತಿದ್ದೆಯಲ್ಲ — ನನ್ನ ಫೋನಿನ ಮುಂದೆ ಕುಳಿತು, ಮದುವೆಯಾಗಿ ಸೇಲಂ ಕಡೆಯಿಂದ ಇಲ್ಲಿಗೆ ಬಂದ ಕಥೆ ಹೇಳಿದರು.

"ಫ್ಯಾಕ್ಟ್ರಿ ಸೈರನ್ ಕೂಗಿದ್ರೆ ನಾನ್ ಒಲೆ ಹಚ್ಚೋದು. ಗಡಿಯಾರ ಎಲ್ಲಿತ್ತು ಕಣ್ಣು ನಮ್ ಮನೇಲಿ?" ಎಂದು, ತಮಿಳಿನ ಮುದ್ದಿನಲ್ಲಿ ನನ್ನನ್ನು 'ಕಣ್ಣು' ಎಂದು ಕರೆದು ನಕ್ಕರು. ಅರ್ಧ ತಮಿಳು, ಅರ್ಧ ಕನ್ನಡ — ಎಷ್ಟು ಚೆನ್ನಾಗಿತ್ತು ಆ ಮಾತು.

ಈ ಪ್ರಾಜೆಕ್ಟುಗಳ ಸ್ಪರ್ಧೆಯಿದ್ದ ಶಿವಮೊಗ್ಗದ ವಸ್ತುಪ್ರದರ್ಶನ ಹತ್ತಿರವಾದಂತೆ ನನಗೆ ಅಳುಕು ಶುರುವಾಯಿತು. ಕನ್ನಡ ಸರಿಯಿಲ್ಲವೆಂದು ತೀರ್ಪುಗಾರರು ಮೂಗು ಮುರಿದರೆ — ಅಲ್ಲ, ನಿಜ ಹೇಳುತ್ತೇನೆ, ಬಹುಮಾನ ನನಗೆ ಬೇಕಿತ್ತು. ಪಾಟಿಯ ಮಾತನ್ನು ತಿದ್ದಿ ಬರೆದು, ನನ್ನ ಮಗಳಿಂದ ಓದಿಸಿ ಹೊಸದಾಗಿ ರೆಕಾರ್ಡ್ ಮಾಡಿದೆ. ಹಳೆಯದನ್ನು ಹಾಕಿ ಎಂದು ನೀನು ಹಟ ಹಿಡಿದರೆ ಎಂಬ ಭಯಕ್ಕೆ ಅದನ್ನು ಅಳಿಸಿಬಿಟ್ಟೆ.

ಪ್ರದರ್ಶನಕ್ಕೆ ಪಾಟಿ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ರೇಷ್ಮೆ ಸೀರೆ ಉಟ್ಟು, ನಿನ್ನ ಜೊತೆ ಬಸ್ಸಿನಲ್ಲಿ ಬಂದರು. ಸ್ಪೀಕರಿಗೆ ಕಿವಿಗೊಟ್ಟು ನಿಂತರು. ಕೇಳಿಸಿದ್ದು ಯಾವುದೋ ಹುಡುಗಿಯ ದನಿ.

"ಇದು ನಾನ್ ಅಲ್ವಲ್ಲ ಟೀಚರ್?"

"ರೆಕಾರ್ಡಿಂಗ್ ಕೆಟ್ಟೋಯ್ತು ಪಾಟಿ," ಎಂದೆ.

ನಿನ್ನ ಮುಖ ಬಾಡಿತು. ಅವರು ನನ್ನ ಕೆನ್ನೆ ಸವರಿದರು. "ಮಿಷಿನ್ ತಾನೇ, ಬಿಡಿ. ಈ ಮಗು ಚೆನ್ನಾಗಿ ಓದ್ತದೆ."

ಬಹುಮಾನ ಬಂತು. ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ತಟ್ಟಿದವರು ಪಾಟಿಯೇ.

ಈಗ ಅವರಿಲ್ಲ. ನೀನು ಆಯನೂರಿನಲ್ಲಿ ಸಮಾಜ ವಿಜ್ಞಾನದ ಟೀಚರ್ — ಅದನ್ನು ಹೇಳಿಕೊಳ್ಳುವಾಗ ನನಗೆಷ್ಟು ಹೆಮ್ಮೆ. ಮೊನ್ನೆ ನೀನೇ ಫೋನ್ ಮಾಡಿದ್ದೆ. "ನನ್ ಮಕ್ಳಿಗೂ ಅದೇ ಪ್ರಾಜೆಕ್ಟ್ ಕೊಟ್ಟಿದೀನಿ ಮಿಸ್. ಪಾಟಿ ರೆಕಾರ್ಡಿಂಗ್ ಕೆಟ್ಟಿದ್ರೂ ಪರವಾಗಿಲ್ಲ, ಚೂರಾದ್ರೂ ಉಳಿದಿದ್ಯಾ? ಅಮ್ಮಂಗೆ ಒಂದ್ಸಲ ಕೇಳಿಸ್ಬೇಕಿತ್ತು."

"ಹುಡುಕ್ತೀನಿ" ಎಂದುಬಿಟ್ಟೆ. ಮತ್ತೊಂದು ಸುಳ್ಳು. ಹುಡುಕಲು ಏನೂ ಇಲ್ಲ, ಮಗು.

ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ನಿನ್ನ ಅಮ್ಮನ ಎದುರಿಗೇ ಇಷ್ಟನ್ನೂ ಹೇಳುತ್ತೇನೆ. ನೀವು ಒಳಗೆ ಕರೆಯದಿದ್ದರೆ — ಬಾಗಿಲಲ್ಲೇ ನಿಂತು ಹೇಳಿ ಬರುತ್ತೇನೆ.