ಎದುರು ಮನೆ ಮೇಷ್ಟ್ರ ಅಂಬಾಸಿಡರ್

ಹೊಳೆನರಸೀಪುರದಲ್ಲಿ ನಮ್ಮ ಎದುರು ಮನೆಯ ಮೇಷ್ಟ್ರು ಭಾನುವಾರ ತಮ್ಮ ಹಳೇ ಅಂಬಾಸಿಡರಿನ ಬಾನೆಟ್ಟು ಎತ್ತಿದರೆ ಸಾಕು, ಅವರ ಹೆಂಡತಿ ಒಲೆ ಆರಿಸಿ ಬಂದು ಸ್ಟೇರಿಂಗ್ ಮುಂದೆ ಕೂರುತ್ತಿದ್ದರು. ಆಕೆಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಮೇಷ್ಟ್ರು ಇಂಜಿನ್ನಿಗೆ ಕಿಡಿ ಕೊಡುವ ಪಾಯಿಂಟನ್ನು ಉಜ್ಜಿ, ಲಗ್ನಪತ್ರಿಕೆಯ ಚೂರೊಂದನ್ನು ತೂರಿಸಿ ಸಂದು ನೋಡಿ, ‘ಸೆಲ್ಫ್ ಹೊಡಿಯೇ’ ಎಂದಾಗ ಕೀಲಿ ತಿರುಗಿಸುವುದಷ್ಟೇ ಆಕೆಯ ಕೆಲಸ. ಇಂಜಿನ್ನು ಕೆಮ್ಮಿ ನಿಂತರೆ ಜಗಳ.

‘ಕೀಲಿ ಬೇಗ ಬಿಟ್ಬಿಟ್ಟೆ ನೀನು!’

‘ನೀವು ಪಾಯಿಂಟ್ ಸರಿಯಾಗಿ ಕೂರಿಸಿದ್ರೆ ತಾನೇ?’

ಇದನ್ನು ಕೇಳಲೆಂದೇ ನಾನು ಜಗುಲಿಯಲ್ಲಿ ಪೇಪರ್ ಹಿಡಿದು ಕೂರುತ್ತಿದ್ದೆ.

ಹಾಸನದ ಮೆಕ್ಯಾನಿಕ್ಕು ಬಂದಾಗಲೆಲ್ಲ, ‘ಎಲೆಕ್ಟ್ರಾನಿಕ್ ಇಗ್ನಿಷನ್ ಆಕುಸ್ಬುಡಿ ಸಾ, ಈ ಉಜ್ಜೋ ಕೆಲ್ಸವೇ ಇರಾಕಿಲ್ಲ’ ಅನ್ನುತ್ತಿದ್ದ.

‘ಇರ್ಲಿ ಬಿಡಯ್ಯ, ಭಾನುವಾರ ಇನ್ನೇನ್ ಮಾಡ್ಲಿ?’ ಮೇಷ್ಟ್ರದು ಯಾವಾಗಲೂ ಅದೇ ಉತ್ತರ.

ಆಕೆ ತೀರಿಕೊಂಡ ಮೇಲೆ ಕಾರು ಶೆಡ್ಡಿನಲ್ಲೇ ನಿಂತಿತು. ಒಂದು ಭಾನುವಾರ ಬಾನೆಟ್ಟು ತೆರೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ, ‘ಸೆಲ್ಫ್ ಹೊಡಿಯೇ’. ಆಮೇಲೆ ಬಾನೆಟ್ಟು ಮುಚ್ಚಿದ ಸದ್ದು.

ಮರುದಿನ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಲು ಮೇಷ್ಟ್ರೇ ಮೆಕ್ಯಾನಿಕ್ಕನ್ನು ಕರೆಸಿದರು. ‘ಕೊನೆಗೂ ಮನ್ಸು ಮಾಡುದ್ರಲ್ಲ ಸಾ’ ಎಂದು ಅವನು ನಕ್ಕ. ಬಿಚ್ಚಿಟ್ಟ ಪಾಯಿಂಟನ್ನು ಮೇಷ್ಟ್ರು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು.

‘ಇದನ್ನ ಕೂರ್ಸೋಕೆ ಇಬ್ರು ಬೇಕು ಕಣಯ್ಯ.’