ಅರಿಶಿನದ ಕೊಂಬು ಕಟ್ಟಿಕೊಂಡು ಎಂಆರ್‌ಐಗೆ

ನನ್ನ ಕೆಲಸವೇನೆಂದು ಊರಿನವರಿಗೆ ವಿವರಿಸುವುದನ್ನು ಆದಷ್ಟೂ ತಪ್ಪಿಸಿಕೊಳ್ಳುತ್ತೇನೆ. ಮಿದುಳಿನ ಬಗ್ಗೆ ಸಂಶೋಧನೆ ಎಂದರೆ ಡಾಕ್ಟರು ಅಂದುಕೊಂಡು ಮಂಡಿನೋವಿಗೆ ಮಾತ್ರೆ ಕೇಳುತ್ತಾರೆ. ಆದರೆ ಅರಕಲಗೂಡಿನ ಆಚೆಯ ಹಳ್ಳಿಯಲ್ಲಿರುವ ದೊಡ್ಡಮ್ಮನಿಗೆ ವಿವರಿಸಲೇಬೇಕಾಯಿತು. ನನಗೆ ಅವಳ ಮಿದುಳಿನ ಚಿತ್ರ ಬೇಕಿತ್ತು.

ಹಣೆಯ ಹಿಂದಿರುವ ಮಿದುಳಿನ ಮುಂಭಾಗ ಯೋಚಿಸುತ್ತದೆ, ದುಡುಕದಂತೆ ತಡೆಯುತ್ತದೆ. ಇನ್ನೂ ಒಳಗೆ, ಕಿವಿಗಿಂತ ಕೊಂಚ ಮುಂದೆ, ಬಾದಾಮಿಯಷ್ಟು ದೊಡ್ಡ ಅಮಿಗ್ಡಲಾ ಇದೆ. ಭಯವಾದಾಗ ಅದು ಚುರುಕಾಗುತ್ತದೆ. ಇವೆರಡರ ನಡುವೆ ನರತಂತುಗಳ ಕಂತೆಗಳಿವೆ. ಅವು ಎಲ್ಲಿಂದ ಹೊರಟು, ಎಲ್ಲಿ ಬಳಸಿ, ಎಲ್ಲಿ ಸೇರುತ್ತವೆ ಎಂದು ನಕ್ಷೆ ಬರೆಯುವುದು ನನ್ನ ಕೆಲಸ. ಮಿದುಳಿನ ನೀರು ತಂತುಗಳ ಉದ್ದಕ್ಕೆ ಸರಾಗವಾಗಿ ಸರಿಯುತ್ತದೆ, ಅಡ್ಡಕ್ಕೆ ಅಷ್ಟಾಗಿ ಸರಿಯುವುದಿಲ್ಲ. ಎಂಆರ್‌ಐ ಯಂತ್ರ ಆ ಸರಿದಾಟವನ್ನು ಅಳೆದು ಕೊಡುತ್ತದೆ. ನಾನು ಅದರಿಂದ ದಾರಿಯನ್ನು ಊಹಿಸುತ್ತೇನೆ.

“ನಾಲೆ ಸರ್ವೆ ಮಾಡ್ದಂಗೆ ಅನ್ನು,” ಎಂದರು ದೊಡ್ಡಪ್ಪ, ಶುಂಠಿಯ ಮಣ್ಣು ಉದುರಿಸುತ್ತ. “ನೀರು ಯಾವ್ ಕಡೆಯಿಂದ ಯಾವ್ ಕಡೀಕೆ ಓಯ್ತದೆ ಅಂತ ಗೊತ್ತಾಯ್ತದಾ?”

“ಇಲ್ಲ ದೊಡ್ಡಪ್ಪ. ನಾಲೆ ಇರೋದು ಗೊತ್ತಾಗುತ್ತೆ, ಹರಿಯೋ ದಿಕ್ಕು ಈ ಚಿತ್ರದಲ್ಲಿ ಗೊತ್ತಾಗಲ್ಲ.”

“ಅಂಗಾದ್ರೆ ಅರ್ಧ ಸರ್ವೆ ಕಣ ಇದು.”

ನಾನು ಒಪ್ಪಿದೆ. ನಮ್ಮ ಕ್ಷೇತ್ರದವರೆಲ್ಲರೂ ಒಪ್ಪುವ ಮಾತೇ.

ಹಾಸನದ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ಭಾನುವಾರ ಬೆಳಿಗ್ಗೆ ಯಂತ್ರ ಖಾಲಿ ಇರುತ್ತಿತ್ತು. ಕಾಲೇಜು ಹುಡುಗ ಹುಡುಗಿಯರು ಬಂದು ಮಲಗಿ ಎದ್ದು ಹೋಗಿದ್ದರು. ಅವರೊಂದಿಗೆ ಹೋಲಿಸಲು ಬೇಕಿದ್ದದ್ದು ಐವತ್ತು ದಾಟಿದ ಹೆಂಗಸರು, ಒಬ್ಬರೂ ಸಿಕ್ಕಿರಲಿಲ್ಲ. ಯಾರ ಬಳಿಯೂ ಏನನ್ನೂ ಕೇಳಿ ಅಭ್ಯಾಸವಿಲ್ಲದ ನಾನು, ಕಷ್ಟಪಟ್ಟು ದೊಡ್ಡಮ್ಮನ ಬೀದಿಯ ಹೆಂಗಸರನ್ನು ಕೇಳಿದ್ದೆ. ಅವರು ತಮ್ಮತಮ್ಮಲ್ಲೇ ಮುಖ ನೋಡಿಕೊಂಡು ತೀರ್ಮಾನಿಸಿದ್ದರು: ಮೊದಲು ದೊಡ್ಡಮ್ಮ ಹೋಗಿಬರಲಿ. ಅವಳು ಅರ್ಧಕ್ಕೇ ಎದ್ದು ಬಂದರೆ ಉಳಿದವರು ಹಾಸನದ ಬಸ್ಸು ಹತ್ತುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನನ್ನ ಸಂಶೋಧನೆಯ ಅರ್ಧ ಭಾಗ ಅವಳೊಬ್ಬಳ ಮೇಲೆ ನಿಂತಿತ್ತು.

ಆ ಭಾನುವಾರ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೂ ಮೊದಲ ಬಸ್ಸಿಗೇ ಬಂದರು. ದೊಡ್ಡಮ್ಮ ಮದುವೆಗೆ ಹೊರಟವಳ ಹಾಗೆ ರೇಷ್ಮೆ ಸೀರೆ ಉಟ್ಟಿದ್ದಳು. ಆಸ್ಪತ್ರೆಯ ನಿಲುವಂಗಿ ಕೊಟ್ಟಾಗ ಅದರ ಬಟ್ಟೆ ಹಿಡಿದು ನೋಡಿ, “ದಿಂಬಿನ ಕವರು ಇದ್ದಂಗೈತೆ,” ಎಂದಳು. ಬಳೆ ಬಿಚ್ಚಿದಳು, ಓಲೆ ಬಿಚ್ಚಿದಳು, ಕಾಲುಂಗುರಕ್ಕೆ ಸೋಪು ಹಚ್ಚಿ ತೆಗೆದಳು. ತಾಳಿಯ ಮಾತು ಬಂದಾಗ ಕೈ ಅಡ್ಡ ಹಿಡಿದಳು.

“ಲೋಹ ಏನೂ ಇರಬಾರದು ಅಮ್ಮ, ರೂಲ್ಸು,” ಎಂದ ಯಂತ್ರ ನಡೆಸುವ ಟೆಕ್ನಿಷಿಯನ್.

“ಬರಿ ಕೊರಳಲ್ಲಿ ಇರಾಕಾಯ್ತದಾ ಸಾ? ಇವ್ರು ಇಲ್ಲೇ ಕುಂತವ್ರೆ ಗುಂಡುಕಲ್ಲಿನಂಗೆ.”

ಮಿದುಳಿನ ಮುಂಭಾಗದ ಬಗ್ಗೆ ಅಷ್ಟು ಓದಿದ್ದರೂ ಆ ಹೊತ್ತಿಗೆ ನನ್ನದು ಕೈಕೊಟ್ಟಿತ್ತು. ದೊಡ್ಡಮ್ಮನೇ ಚೀಲಕ್ಕೆ ಕೈಹಾಕಿ ಅರಿಶಿನದ ಕೊಂಬು, ಅರಿಶಿನ ಬಳಿದ ನೂಲು ತೆಗೆದಳು. ತಾಳಿ ಪೋಣಿಸಲು ಕೊಟ್ಟಾಗ ಎಲ್ಲರ ಮನೆಯಲ್ಲೂ ಮಾಡುವುದು ಇದನ್ನೇ: ಮೊದಲು ಕೊಂಬು ಕಟ್ಟಿಕೊಳ್ಳುವುದು, ಆಮೇಲೆ ತಾಳಿ ತೆಗೆಯುವುದು. ಅವಳು ಯೋಚಿಸಿಕೊಂಡೇ ಬಂದಿದ್ದಳು. ಟೆಕ್ನಿಷಿಯನ್ ಕೊಂಬನ್ನು ತಿರುಗಿಸಿ ನೋಡಿ, “ಇದಕ್ಕೇನೂ ತೊಂದರೆ ಇಲ್ಲ,” ಎಂದ.

“ನೀವೇ ಕಟ್ಟಿ,” ಎಂದಳು ದೊಡ್ಡಪ್ಪನಿಗೆ.

“ಇನ್ನೊಂದ್ಸಲವಾ? ಒಂದ್ಸಲ ಕಟ್ಟಿದ್ದುಕ್ಕೇ ಇನ್ನೂ ಬೈಸ್ಕೋತಾ ಇವ್ನಿ.”

“ಗಂಟು ಬಿಗಿಯಾಗಿ ಹಾಕಿ. ಆವತ್ತೂ ಸಡ್ಲ ಹಾಕಿದ್ರಿ, ನಿಮ್ಮಕ್ಕ ಬಂದು ಬಿಗಿ ಮಾಡಿದ್ಲು.”

ಕಾಯುವವರ ಕುರ್ಚಿಗಳ ನಡುವೆ ನಿಂತು ದೊಡ್ಡಪ್ಪ ಗಂಟು ಹಾಕಿದರು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಟೆಕ್ನಿಷಿಯನ್ ಮಾತ್ರ ನೆಟ್ಟಗೆ ನಿಂತು ಪೂರ್ತಿ ನೋಡಿದ.

ಯಂತ್ರ ಶುರುವಾಯಿತು. ಅದರ ಸದ್ದು ಕಿವಿಯ ಪಕ್ಕದಲ್ಲೇ ತಗಡು ಬಡಿದ ಹಾಗೆ. ತಲೆ ಕದಲಿದರೆ ಚಿತ್ರ ಮಸುಕಾಗುತ್ತದೆ, ನಾಲೆಗಳೆಲ್ಲ ಕಲಸಿಹೋಗುತ್ತವೆ. ಗಾಜಿನ ಈಚೆಯಿಂದ ನೋಡುತ್ತಿದ್ದಂತೆ ದೊಡ್ಡಮ್ಮನ ಬಲಗೈ ಮೆಲ್ಲಗೆ ಎದ್ದು ಕೊರಳಿಗೆ ಹೋಯಿತು. ಅದರ ಜೊತೆಗೆ ತಲೆಯೂ ಅಲುಗಿತು. ಸದ್ದು ಬದಲಾದಾಗಲೆಲ್ಲ ಅದೇ. ಟೆಕ್ನಿಷಿಯನ್ ನಿಲ್ಲಿಸಿ ಮೈಕಿನಲ್ಲಿ ಕೇಳಿದ: “ಭಯ ಆಗ್ತಿದೆಯಾ ಅಮ್ಮ?”

“ಭಯ ಇಲ್ಲ ಸಾ. ಇವ್ರು ಹಾಕಿದ ಗಂಟು ಸಡ್ಲ ಆಗೈತೆ.”

“ಇನ್ನೊಂದೇ ಸಲ ಮಾಡೋಕೆ ಟೈಮ್ ಇರೋದು ಮೇಡಂ,” ಎಂದ ಅವನು ನನಗೆ.

ಒಳಗೆ ಹೋದೆ. ನಿಜಕ್ಕೂ ಗಂಟು ಸಡಿಲವಾಗಿತ್ತೋ, ಭಯವಾಗಿತ್ತೋ ನಾನು ಕೇಳಲಿಲ್ಲ. ಕೆಟ್ಟ ಸುದ್ದಿ ಕೇಳಿದಾಗ, ಬಸ್ಸು ಜೋರಾಗಿ ತಿರುಗಿದಾಗ, ಅವಳ ಕೈ ತಾಳಿಗೆ ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆ ಕೈಯನ್ನು ತಡೆಯುವ ಬದಲು ಅದು ಹೋಗಬೇಕಾದ ಕಡೆಯೇ ಮೊದಲಿಂದ ಇಟ್ಟರೆ ಆಯಿತಲ್ಲ ಎನ್ನಿಸಿತು. ನೂಲನ್ನು ಸ್ವಲ್ಪ ಉದ್ದ ಬಿಟ್ಟು, ಕೊಂಬನ್ನು ಅವಳ ಅಂಗೈಯೊಳಗಿಟ್ಟು, ಬೆರಳು ಮಡಚಿದೆ. ಮುಷ್ಟಿ ಎದೆಯ ಮೇಲೆ ಕೂತಿತು.

“ಇದನ್ನ ಹಿಡ್ಕೊಂಡೇ ಇರು ದೊಡ್ಡಮ್ಮ. ಬಿಡಬೇಡ.”

“ಮೊದ್ಲೇ ಯೋಳ್ಬಾರ್ದಿತ್ತಾ ಮಗ,” ಎಂದು ಕಣ್ಣು ಮುಚ್ಚಿದಳು.

ಆಮೇಲೆ ಅವಳು ಕದಲಲಿಲ್ಲ. ಕಡೆಗೆ ನಿದ್ದೆಯೇ ಮಾಡಿಬಿಟ್ಟಿದ್ದಳು. ಯಂತ್ರ ನಿಂತ ಮೇಲೆ ಗೊರಕೆ ಕೇಳಿಸಿತು.

ಅವಳ ನಕ್ಷೆ ಚೆನ್ನಾಗಿ ಬಂತು. ಲ್ಯಾಪ್‌ಟಾಪ್ ಹಿಡಿದು ಊರಿಗೆ ಹೋದಾಗ, ಅವಳೇ ಬೀದಿಯವರನ್ನೆಲ್ಲ ಕರೆದು ಜಗಲಿಯ ಮೇಲೆ ಕೂರಿಸಿದ್ದಳು. ಹಣೆಯ ಕಡೆಯಿಂದ ಬಾಗಿ ಒಳಗಿಳಿಯುವ ಬಣ್ಣದ ಎಳೆಗಳನ್ನು ತೋರಿಸಿದೆ. ಇಲ್ಲಿ ಯೋಚನೆ, ಇಲ್ಲಿ ಭಯ, ನಡುವೆ ದಾರಿ ಎಂದೆ.

“ನಾ ಹಾಕಿದ ಗಂಟು ಎಲ್ಲೈತೆ?” ದೊಡ್ಡಪ್ಪ ಕನ್ನಡಕ ಏರಿಸಿದರು.

“ಅದಿದ್ದಿದ್ರಲ್ವಾ ಕಾಣಾಕೆ,” ಎಂದಳು ದೊಡ್ಡಮ್ಮ.

ಎದುರುಮನೆಯಾಕೆ ಪರದೆಯನ್ನು ಬಹಳ ಹೊತ್ತು ನೋಡಿ, ಸೆರಗಿನಲ್ಲಿ ಕೈ ಒರೆಸಿಕೊಂಡಳು. “ನಾನೂ ಬತ್ತೀನಿ ಬುಡವ್ವ. ನೂಲು ಮಾತ್ರ ನಾನೇ ಕಟ್ಕೋತೀನಿ.”

ಮುಂದಿನ ಭಾನುವಾರ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಾನು ಕಾಯುತ್ತಿದ್ದೆ. ಅರಕಲಗೂಡಿನ ಬಸ್ಸಿನಿಂದ ಆ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಇಳಿದರು, ಎಲ್ಲರ ಕೊರಳಲ್ಲೂ ಆಗಲೇ ಹಳದಿ ನೂಲು.